ಪ್ರಹ್ಲಾದನನ್ನು ಸುಡದ ಬೆಂಕಿ

'ಭಕ್ತ ಪ್ರಹ್ಲಾದ' 1983ರಲ್ಲಿ ತೆರೆಗೆ ಬಂತು. ನಮ್ಮೂರ ಟೆಂಟಿಗೆ ಬರೋ ಹೊತ್ತಿಗೆ ಮುಂದಿನ ವರ್ಷ. ನಾನೂ ನನ್ನ ತಮ್ಮನೂ ನೆಲದ ಮೇಲೆ ಕೂತು ನೋಡಿದ್ದು. ಹಿರಣ್ಯಕಶಿಪುವಾಗಿ ಅಣ್ಣಾವ್ರು ಗುಡುಗಿದರೆ ಟೆಂಟಿನ ಗೂಟಗಳೇ ಅಲ್ಲಾಡಿದ ಹಾಗೆ! ಆದರೆ ತಮ್ಮನ ಕಣ್ಣೆಲ್ಲ ಪ್ರಹ್ಲಾದನ ಮೇಲೆ. ಮಾಸ್ಟರ್ ಲೋಹಿತ್, ಆಮೇಲೆ ಪುನೀತ್ ಆದ ಹುಡುಗ. ಇಬ್ಬರದೂ ಹೆಚ್ಚುಕಡಿಮೆ ಒಂದೇ ವಯಸ್ಸು, ಎಂಟು.

ಮನೆಗೆ ಬಂದ ಮೇಲೆ ಅಜ್ಜಿ ಹೋಳಿಕೆಯ ಕಥೆ ಹೇಳಿದಳು. ಬೆಂಕಿ ಸುಡದಂಥ ವರ ಪಡೆದ ಹೋಳಿಕೆ, ಪ್ರಹ್ಲಾದನನ್ನು ತೊಡೆ ಮೇಲೆ ಕೂರಿಸಿಕೊಂಡು ಚಿತೆ ಏರಿದಳಂತೆ. ವರ ಇದ್ದವಳು ಬೂದಿಯಾದಳು, ಹುಡುಗ ನಗ್ತಾ ಎದ್ದು ಬಂದ. ಭಾಗವತದಲ್ಲಿ ಆನೆ, ಹಾವು, ವಿಷದ ಜೊತೆ ಬೆಂಕಿಯೂ ಉಂಟು. ಹೋಳಿಕೆ ಮಾತ್ರ ಉತ್ತರದವರ ಹಬ್ಬದಲ್ಲಿ ಹೆಚ್ಚು. ನಮ್ಮ ಕಡೆ ಆ ಹುಣ್ಣಿಮೆಗೆ ಉರಿಯೋದು ಕಾಮಣ್ಣ. ಎಂಟು ವರ್ಷದವನಿಗೆ ಈ ವ್ಯತ್ಯಾಸ ಎಲ್ಲಿ ಗೊತ್ತಾಗಬೇಕು?

ಕಾಮನ ಹಬ್ಬದ ರಾತ್ರಿ. ಉರಿ ಇಳಿದು ಕೆಂಡ ಉಳಿದಿತ್ತು. "ನಾರಾಯಣ ಅಂತ ಹೇಳಿ ಎತ್ಕೊಳ್ಳೋ, ಏನೂ ಆಗಲ್ಲ" ಅಂದವನು ನಾನು. ಹೌದು ಗೆಳೆಯರೇ, ನಾನೇ. ಅವನು ಕಣ್ಣು ಮುಚ್ಚಿದ, ಹೇಳಿದ, ಎತ್ತಿಕೊಂಡ. ಬಿಡಲಿಲ್ಲ! ಬಿಟ್ಟರೆ ಭಕ್ತಿ ಕಮ್ಮಿ ಅಂತಾಗುತ್ತಲ್ಲ... ಕೊನೆಗೆ ನಾನೇ ಅವನ ಕೈ ಕೊಡವಿ ಕೆಂಡ ಬೀಳಿಸಿದೆ.

ಅಂಗೈ ಬೆಂದು ಎರಡು ಬೆರಳು ಮಡಚಿಕೊಂಡೇ ಉಳಿದವು. ಯಾರು ಹೇಳಿಕೊಟ್ಟರು ಅಂತ ಅಪ್ಪ ಎಷ್ಟು ಕೇಳಿದರೂ ಅವನು ಬಾಯಿ ಬಿಡಲಿಲ್ಲ. ರಾತ್ರಿ ಮಾತ್ರ ನನ್ನ ಕಿವಿಯಲ್ಲಿ ಕೇಳಿದ: "ನಾನು ಸರಿಯಾಗಿ ಹೇಳ್ಲಿಲ್ವೇನೋ ಅಣ್ಣಾ?"

ಪ್ರಾಯಕ್ಕೆ ಬಂದ ಮೇಲೆ ಪಕ್ಕದೂರ ಜಾತ್ರೇಲಿ ನಾನೂ ಕೊಂಡ ಹಾಯ್ದೆ. ಹರಕೆ ಅಂತ ಹೇಳಿದ್ದೆ. ನಿಜವಾಗಿ, ಸುಡಲಿ ಅಂತಲೇ ಹೋಗಿದ್ದು. ಸುಡಲಿಲ್ಲ ಕಣ್ರೀ! ಕಾರಣ ಓದಿ ತಿಳಿದದ್ದು ತಡವಾಗಿ. ಇದ್ದಿಲು ಎಷ್ಟೇ ಕೆಂಪಗಿದ್ದರೂ ಶಾಖವನ್ನು ಬೇಗ ದಾಟಿಸೋದಿಲ್ಲ, ಮೇಲಿನ ಬೂದಿಯಂತೂ ಇನ್ನೂ ನಿಧಾನ. ಒಂದೊಂದು ಹೆಜ್ಜೆ ಕೆಂಡದ ಮೇಲಿರೋದು ಅರೆಕ್ಷಣ. ಅಷ್ಟೇ ಕಾದ ಕಬ್ಬಿಣದ ಹಂಚಿನ ಮೇಲೆ ಕಾಲಿಟ್ಟರೆ ಯಾವ ಭಕ್ತನೂ ಉಳಿಯೋಲ್ಲ. 1935ರಲ್ಲಿ ಇಂಗ್ಲೆಂಡಿನಲ್ಲಿ ಕುದಾ ಬಕ್ಸ್ ಅನ್ನೋ ಕಾಶ್ಮೀರದ ಜಾದೂಗಾರ ಪರೀಕ್ಷಕರ ಕಣ್ಣೆದುರೇ ಕೆಂಡ ತುಳಿದು ತೋರಿಸಿದ. ಆದರೆ ಎಡವಿ ಬಿದ್ದು ಬೆಂದವರೂ ಉಂಟು, ಹುಷಾರು! ಸರಸರ ನಡೆದವನು ಬಚಾವು, ನಿಂತವನು ಕೆಟ್ಟ. ನನ್ನ ತಮ್ಮ ನಿಂತಿದ್ದ, ಮುಷ್ಟಿ ಬಿಗಿಹಿಡಿದು.

2021ರ ಅಕ್ಟೋಬರ್ 29ರಂದು ಪುನೀತ್ ಹೋದರು. 46 ವರ್ಷ, ಅಷ್ಟೇ. ಆ ರಾತ್ರಿಯೇ ತಮ್ಮ ಬೆಂಗಳೂರಿನ ಬಸ್ಸು ಹತ್ತಿದ, ನಾನೂ ಹಿಂದೆಯೇ ಹತ್ತಿದೆ. ಕಂಠೀರವ ಸ್ಟೇಡಿಯಂ ಕ್ಯೂನಲ್ಲಿ ಗಂಟೆಗಟ್ಟಲೆ ನಿಂತೆವು. ಹತ್ತಿರ ಬಂದಾಗ ಅವನು ಕೈ ಮುಗಿದ. ಆ ಎರಡು ಬೆರಳು ಇನ್ನೊಂದು ಕೈಗೆ ಕೂಡೋದೇ ಇಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಹೇಳಿದೆ: "ನೀನು ಸರಿಯಾಗೇ ಹೇಳಿದ್ದೆ ಕಣೋ."

"ಯಾವಾಗ?" ಅಂದ.