ಠರಾವು ಪುಸ್ತಕ ಮತ್ತು ನನ್ನ ನೆಗೆಣ್ಣಿ

ಸೊಸೈಟಿ ಎಂದರೆ ಪೇಟೆಯಲ್ಲಿರುವ ನಮಗೆ ಮೊದಲು ನೆನಪಾಗುವುದು ರೇಷನ್ ಕಾರ್ಡು, ಸಕ್ಕರೆ, ಸೀಮೆಎಣ್ಣೆ ಮತ್ತು ಮುಗಿಯದ ಪಾಳಿ. ಹಳ್ಳಿಯಲ್ಲಿ ಹಾಗಲ್ಲ. ಅಲ್ಲಿ ಸೊಸೈಟಿ ಎಂದರೆ ಬಿತ್ತುವ ಹೊತ್ತಿಗೆ ಕೈಗೆ ಬರುವ ಸಾಲ, ಗೊಬ್ಬರದ ಚೀಲ, ಮತ್ತು ಐದು ವರ್ಷಕ್ಕೊಮ್ಮೆ ಊರನ್ನು ಎರಡು ಹೋಳು ಮಾಡುವ ಚುನಾವಣೆ. ಅದರ ಪೂರ್ತಿ ಹೆಸರು ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ. ಇಷ್ಟುದ್ದದ ಹೆಸರನ್ನು ಬೋರ್ಡು ಬರೆಯುವವನ ಹೊರತು ಬೇರೆ ಯಾರೂ ಪೂರಾ ಹೇಳಿದ್ದನ್ನು ನಾನು ಕೇಳಿಲ್ಲ.

ನಮ್ಮ ಹೊಲಮನೆ ಇರುವುದು ಸುರಪುರ ತಾಲೂಕಿನ ಬೋನಾಳದ ಸುತ್ತಿನ ಹಳ್ಳಿಗಳಲ್ಲೊಂದರಲ್ಲಿ. ಊರ ಹೆಸರು ಬೇಡ. ಹೇಳಿದರೆ ನಾಳೆ ನನ್ನ ನೆಗೆಣ್ಣಿಗೆ ಅಲ್ಲಿ ತಿರುಗಾಡುವುದು ಕಷ್ಟವಾದೀತು. ಬೋನಾಳವೆಂದರೆ ಹೊರಗಿನವರಿಗೆ ಪಕ್ಷಿಧಾಮ. ಸುರಪುರದ ನಾಯಕ ಅರಸರ ಕಾಲದ ದೊಡ್ಡ ಕೆರೆ, ಚಳಿಗಾಲದಲ್ಲಿ ದೂರದೇಶಗಳಿಂದ ಬಂದಿಳಿಯುವ ಹಕ್ಕಿಗಳು. ನೋಡಲು ಬಂದವರು ದುರ್ಬೀನು ಹಿಡಿದು ನೀರಿನ ಕಡೆಗೆ ಮುಖ ಮಾಡಿ ನಿಲ್ಲುತ್ತಾರೆ. ಅವರ ಬೆನ್ನ ಹಿಂದಿನ ಹೊಲಗಳಲ್ಲಿ ಹತ್ತಿ, ತೊಗರಿ, ಭತ್ತ ಬೆಳೆಯುವವರು ಮಾತ್ರ ಸೊಸೈಟಿಗೆ ಗೊಬ್ಬರದ ಲಾರಿ ಬಂತೇ ಎಂದು ರಸ್ತೆಯ ಕಡೆಗೆ ನೋಡುತ್ತಿರುತ್ತಾರೆ.

ನನ್ನ ನೆಗೆಣ್ಣಿ ಏಳನೆಯ ಇಯತ್ತೆಯವರೆಗೆ ಓದಿದವಳು. ತವರೂ ಅದೇ ಊರು. ಅವಳ ತಂದೆ ಗಂಡುಮಕ್ಕಳ ಜೊತೆಗೆ ಮಗಳಿಗೂ ಮೂರು ಎಕರೆ ಬರೆದುಕೊಟ್ಟಿದ್ದರು. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಎಂದು ನಮ್ಮ ರಾಜ್ಯದ ಕಾನೂನು 1994ರಲ್ಲಿ ಹೇಳಿತು, ದೇಶದ ಕಾನೂನು 2005ರಲ್ಲಿ ಹೇಳಿತು. ಆದರೂ ಪಹಣಿಯಲ್ಲಿ ಹೆಣ್ಣಿನ ಹೆಸರು ಕಾಣುವುದು ಇಂದಿಗೂ ಅಪರೂಪವೇ. ಪಹಣಿಯಲ್ಲಿ ಹೆಸರಿಲ್ಲದವಳಿಗೆ ಬೆಳೆಸಾಲವಿಲ್ಲ. ಸೊಸೈಟಿಯ ಶೇರು ತೆಗೆದುಕೊಳ್ಳುವ ಮಾತೇ ಏಳುವುದಿಲ್ಲ. ಶೇರಿಲ್ಲದಿದ್ದರೆ ಮತವೂ ಇಲ್ಲ. ದಿನವಿಡೀ ಕಳೆ ಕೀಳುವವಳು, ಹತ್ತಿ ಬಿಡಿಸುವವಳು ಅವಳು. ರೈತನೆಂದು ಬರೆಸಿಕೊಳ್ಳುವವನು ಬೇರೆಯವನು. ಆ ಮೂರು ಎಕರೆಯ ಪುಣ್ಯದಿಂದ ನನ್ನ ನೆಗೆಣ್ಣಿ ಸೊಸೈಟಿಯ ಸದಸ್ಯಳಾಗಿದ್ದಳು.

ಮಂಡಳಿಗೆ ಅವಳು ಹೋದದ್ದೂ ಒಂದು ತಮಾಷೆಯೇ. 2012ರಲ್ಲಿ ಜಾರಿಗೆ ಬಂದ ಸಂವಿಧಾನದ 97ನೆಯ ತಿದ್ದುಪಡಿ, ಸಹಕಾರ ಸಂಘಗಳ ಆಡಳಿತ ಮಂಡಳಿಯಲ್ಲಿ ಹೆಣ್ಣುಮಕ್ಕಳಿಗೆ ಎರಡು ಸ್ಥಾನ ಇರಬೇಕೆಂದಿತು. ರಾಜ್ಯದೊಳಗಿನ ಸಂಘಗಳಿಗೆ ಅದು ಅನ್ವಯಿಸದೆಂದು 2021ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟರೂ, ನಮ್ಮ ರಾಜ್ಯದ ಸ್ವಂತ ಕಾಯ್ದೆಯಲ್ಲಿ ಆ ಎರಡು ಕುರ್ಚಿ ಉಳಿದವು. ಕುರ್ಚಿ ಇದ್ದ ಮೇಲೆ ಕೂಡಿಸಲು ಯಾರಾದರೂ ಬೇಕಲ್ಲ? ಊರ ಹಿರಿಯರು ಮನೆಗೆ ಬಂದು, "ಅಕ್ಕಾರ, ಹೆಣ್ಮಕ್ಕಳ ಸೀಟಿಗಿ ನಿಮ್ಮ ಹೆಸರು ಹಾಕೀವ್ರಿ. ನೀವೇನು ಬರೂದು ಬ್ಯಾಡ, ಬುಕ್ಕು ಮನೀಗೇ ಕಳಸ್ತೀವಿ" ಎಂದರು. ಭಾವನವರು ಚಹ ಕುಡಿಸಿ ಕಳಿಸಿದರು. ಅವಿರೋಧ ಆಯ್ಕೆ!

ಹೇಳಿದಂತೆಯೇ ಬುಕ್ಕು ಮನೆಗೆ ಬರತೊಡಗಿತು. ಅದು ಠರಾವು ಪುಸ್ತಕ. ಸಂಘದಲ್ಲಿ ಯಾರಿಗೆ ಎಷ್ಟು ಸಾಲ, ಎಷ್ಟು ಗೊಬ್ಬರ ಖರೀದಿ, ಯಾವ ಖರ್ಚಿಗೆ ಮಂಜೂರಿ ಎಂಬುದೆಲ್ಲ ಬರೆದು ನಿರ್ದೇಶಕರು ಸಹಿ ಹಾಕುವ ಪುಸ್ತಕ. ಎರಡು ತಿಂಗಳು ಅವಳು ರೊಟ್ಟಿ ಹಿಟ್ಟಿನ ಕೈ ತೊಳೆದುಕೊಂಡು ಸಹಿ ಮಾಡಿ ಕೊಟ್ಟಳು. ಮೂರನೆಯ ತಿಂಗಳು ಪುಟದ ಕೆಳಗೆ ನಾಲ್ಕು ಬೆರಳಿನಷ್ಟು ಜಾಗ ಖಾಲಿ ಬಿಟ್ಟು, ಅದರ ಕೆಳಗೆ ಸಹಿಗಳಿದ್ದುದು ಕಣ್ಣಿಗೆ ಬಿತ್ತು.

"ಓದಿ ಹೇಳು ತಮ್ಮ, ಆಮ್ಯಾಗ ಸಹಿ ಮಾಡ್ತೀನಿ."

"ಎಲ್ಲಾರು ಮಾಡ್ಯಾರ್ರಿ ಅಕ್ಕಾರ."

"ಎಲ್ಲಾರು ಮಾಡ್ಯಾರಂದ್ರ ಮತ್ತ ನಂದ್ಯಾಕ ಬೇಕು?"

ಬುಕ್ಕು ತಂದ ಹುಡುಗನಿಗೆ ಉತ್ತರ ಹೊಳೆಯಲಿಲ್ಲ. ಆ ರಾತ್ರಿ ಅವಳು ಸುರಪುರದಲ್ಲಿದ್ದ ನನಗೆ ಫೋನು ಮಾಡಿದಳು. ಮರುವಾರ ಸಂಘದ ಬೈಲಾ ತರಿಸಿಕೊಂಡು ಇಬ್ಬರೂ ಓದಲು ಕುಳಿತೆವು. ಮಕ್ಕಳ ಪರೀಕ್ಷೆಗೂ ನಾನು ಅಷ್ಟು ಕಷ್ಟಪಟ್ಟು ಓದಿರಲಿಲ್ಲ.

ಓದುತ್ತ ಹೋದಂತೆ ಅದು ನಮಗೆ ತಿಳಿಯದ ವಿದ್ಯೆಯಲ್ಲ ಅನ್ನಿಸಿತು. ಹತ್ತು ಶೇರು ಇದ್ದವನಿಗೂ ಒಂದೇ ಮತ, ಒಂದು ಶೇರಿನವಳಿಗೂ ಒಂದೇ ಮತ. ಮಂಡಳಿ ತೀರ್ಮಾನ ಮಾಡಬೇಕು, ಕಾರ್ಯದರ್ಶಿ ಅದನ್ನು ನಡೆಸಬೇಕು, ಲೆಕ್ಕಪರಿಶೋಧಕರು ಪರೀಕ್ಷಿಸಬೇಕು, ವರ್ಷಕ್ಕೊಮ್ಮೆ ಮಹಾಸಭೆಯಲ್ಲಿ ಎಲ್ಲ ಸದಸ್ಯರ ಮುಂದೆ ಓದಬೇಕು. ಸಂಘಕ್ಕೆ ನಷ್ಟವಾದರೆ, ಠರಾವಿಗೆ ಸಹಿ ಹಾಕಿದವರಿಂದಲೂ ವಸೂಲಿಗೆ ಕಾನೂನಿನಲ್ಲಿ ದಾರಿಯಿದೆ. ಇದನ್ನು ಓದಿದಾಗ ನನ್ನ ನೆಗೆಣ್ಣಿ, "ಅಂದ್ರ ನನ್ನ ಮೂರೆಕರೆಗೇ ಕೈ ಹಾಕ್ತಾರೇನು?" ಎಂದು ಎದ್ದು ಕುಳಿತಳು. ಅವಳ ಧೈರ್ಯಕ್ಕೆ ಈ ಭಯವೇ ಮೂಲವೆಂದು ನನ್ನ ನಂಬಿಕೆ.

ಸಾಲದ ಪಟ್ಟಿಯಲ್ಲಿ ಸುಸ್ತಿದಾರ ಎಂಬ ಮಾತು ಬರುತ್ತದೆ. ದಣಿದವನಲ್ಲ, ಬಾಕಿ ಕಟ್ಟದವನು. ಸುಸ್ತಿಯ ಕಥೆಯೂ ಸರಳವಲ್ಲ. 1990ರಲ್ಲಿ ಹತ್ತು ಸಾವಿರದವರೆಗಿನ ಸಾಲ ಮನ್ನಾ ಆಯಿತು. 2017ರಲ್ಲಿ ಸಹಕಾರ ಸಂಘಗಳ ಐವತ್ತು ಸಾವಿರ, 2018ರಲ್ಲಿ ಒಂದು ಲಕ್ಷ. ಮಳೆ ಕೈಕೊಟ್ಟವನಿಗೆ ಅದು ಜೀವದಾನ, ಸುಳ್ಳಲ್ಲ. ಆದರೆ ಹೆಂಡತಿಯ ಬೋರಮಾಳ ಒತ್ತೆಯಿಟ್ಟು ಸಾಲ ತೀರಿಸಿದವನು ಊರ ಮುಂದೆ ಪೆದ್ದನಾದ. ಬಡ್ಡಿಯಿಲ್ಲದ ಬೆಳೆಸಾಲದ ಮಿತಿಯನ್ನು 2023ರಲ್ಲಿ ಮೂರು ಲಕ್ಷದಿಂದ ಐದು ಲಕ್ಷಕ್ಕೆ ಏರಿಸಿದರು. ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ ಬಡ್ಡಿಯಿಲ್ಲ. ಹಾಗಾಗಿ ಗಡುವು ಹತ್ತಿರ ಬಂದರೆ ಕೈಗಡ ಕೊಡುವವರಿಗೆ ಸುಗ್ಗಿ. ಅವರಿಂದ ನಾಲ್ಕು ದಿನಕ್ಕೆ ರೊಕ್ಕ ತಂದು ಸೊಸೈಟಿಗೆ ಕಟ್ಟುವುದು, ಹೊಸ ಸಾಲ ಕೈಗೆ ಬಂದೊಡನೆ ಬಡ್ಡಿ ಸಮೇತ ಅವರಿಗೆ ಮುಟ್ಟಿಸುವುದು. ಕಾಗದದ ಮೇಲೆ ಸಾಲ ತೀರಿತು, ಮನೆಯಲ್ಲಿ ಇನ್ನೊಂದಷ್ಟು ಬೆಳೆಯಿತು.

ಮುಂದಿನ ಸಭೆಗೆ ಅವಳು ತಾನೇ ಹೋದಳು. ಅವಳಿಗೆಂದು ಕುರ್ಚಿ ಹಾಕಿರಲಿಲ್ಲ, ಪಕ್ಕದ ಹೋಟೆಲಿನಿಂದ ತರಿಸಿದರು. ಅವಳು ಕೇಳಿದ್ದು ಎರಡೇ ಮಾತು. ಯೂರಿಯಾ ಎಷ್ಟು ಚೀಲ ಬಂತು, ಯಾರಿಗೆ ಎಷ್ಟು ಹೋಯಿತು? 45 ಕಿಲೋ ಚೀಲಕ್ಕೆ 266 ರೂಪಾಯಿ 50 ಪೈಸೆ ಎಂದು ಚೀಲದ ಮೇಲೇ ಅಚ್ಚಾಗಿರುತ್ತದೆ; ಪಾಳಿಯಲ್ಲಿ ನಿಂತ ಹೆಣ್ಣುಮಕ್ಕಳಿಗೆ ಮಾತ್ರ ದರವೂ ಹೆಚ್ಚು, ಜೊತೆಗೆ ಬೇಡದ ಇನ್ನೊಂದು ಗೊಬ್ಬರವೂ ಗಂಟು ಬೀಳುತ್ತಿತ್ತು. ಎರಡನೆಯದು, ಸುಸ್ತಿದಾರರ ಪಟ್ಟಿ ಓದಿರಿ. ಸುಸ್ತಿದಾರನಾದವನು ನಿರ್ದೇಶಕನಾಗಿ ಇರುವಂತಿಲ್ಲ. ಆ ಮಾತಿಗೆ ಕೋಣೆಯಲ್ಲಿ ಕೆಲವರು ಕೆಮ್ಮಿದರಂತೆ.

ಅಂದು ಸಂಜೆ ಭಾವನವರು, "ಊರಾಗ ಇರೂದೈತಿ, ಎಲ್ಲಾರ ಕೂಡ ಯಾಕ ಕಟಗೊಂತಿ?" ಎಂದರು. ಅವರು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ನಮ್ಮ ಎತ್ತು, ಆಳು, ನೀರಿನ ಪಾಳಿ ಎಲ್ಲವೂ ಆ ಎಲ್ಲರ ಕೂಡವೇ ಆಗಬೇಕು. ಒಂದು ಹಂಗಾಮು ಕಳೆ ತೆಗೆಯಲು ಕರೆದರೆ ಆಳುಗಳು ತಡವಾಗಿಯೇ ಬಂದರು. ಅವಳು ಅದರ ಬಗ್ಗೆ ಯಾರ ಮುಂದೂ ಏನೂ ಅನ್ನಲಿಲ್ಲ.

1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ನಮ್ಮ ಸುರಪುರ ಆಗ ನಿಜಾಮರ ರಾಜ್ಯದಲ್ಲಿತ್ತು. ಸಾವುಕಾರನ ಬಾಗಿಲಲ್ಲಿ ನಿಲ್ಲುವುದು ತಪ್ಪಲಿ ಎಂದು ಹುಟ್ಟಿದ ಸಂಸ್ಥೆ ಅದು. ಈಗ ಸೊಸೈಟಿಯ ಬಾಗಿಲೇ ಸಾವುಕಾರನ ಬಾಗಿಲಿನಂತಾದರೆ ಬಡವರು ಮತ್ತೆಲ್ಲಿಗೆ ಹೋಗಬೇಕು? ನಮ್ಮ ಸ್ತ್ರೀಶಕ್ತಿ ಸಂಘಗಳನ್ನು ನೋಡಿ. ವಾರಕ್ಕೊಮ್ಮೆ ವೃತ್ತವಾಗಿ ಕೂಡುತ್ತಾರೆ, ನಡುವೆ ರೊಕ್ಕ ಇಟ್ಟು ಎಣಿಸುತ್ತಾರೆ, ಯಾರದು ಎಷ್ಟು ಬಾಕಿ ಎಂದು ಹೆಸರು ಹಿಡಿದು ಕೂಗುತ್ತಾರೆ. ಓದು ಬಾರದವಳಿಗೂ ಲೆಕ್ಕ ಬಾಯಿಪಾಠ. ಆಡಳಿತವೆಂದರೆ ಇದಕ್ಕಿಂತ ದೊಡ್ಡದೇನೂ ಅಲ್ಲ.

ಈಗ ಆ ಸೊಸೈಟಿಯ ಗೋಡೆಗೆ ಒಂದು ಕರಿಹಲಗೆ ಬಂದಿದೆ. ಲಾರಿ ಬಂದ ದಿನ ಚೀಲದ ಲೆಕ್ಕ, ದರ ಬರೆಯುತ್ತಾರೆ. ಠರಾವಿನ ಕೆಳಗೆ ಖಾಲಿ ಜಾಗ ಬಿಟ್ಟರೆ ನನ್ನ ನೆಗೆಣ್ಣಿ ಅಡ್ಡಗೆರೆ ಎಳೆದು ಆಮೇಲೆ ಸಹಿ ಮಾಡುತ್ತಾಳೆ. ಸುಸ್ತಿದಾರರ ಪಟ್ಟಿಯನ್ನು ಮಾತ್ರ ಯಾರೂ ಇನ್ನೂ ಓದಿಲ್ಲ. ಈ ಸಲದ ಮಹಾಸಭೆಗೆ ಅವಳು ಪಹಣಿಯಲ್ಲಿ ಹೆಸರಿರುವ ಹೆಣ್ಣುಮಕ್ಕಳನ್ನು ಮನೆಮನೆಗೆ ಹೋಗಿ ಕರೆಯುತ್ತಿದ್ದಾಳೆ. ಹನ್ನೊಂದು ಮಂದಿ ಸಿಕ್ಕಿದ್ದಾರಂತೆ. ಎಲ್ಲರಿಗೂ ಶೇರಿದೆ, ಮಹಾಸಭೆಯ ಬಾಗಿಲು ಕಂಡವರು ಒಬ್ಬರೂ ಇಲ್ಲ.