ನಮ್ಮ ಮನೆಗೆ ಬಂದ ಹೊಸ ಗರಗಸ

ಕೈಕೆಲಸವನ್ನೇ ನಂಬಿ ಬದುಕುವವರ ಮನೆಗೆ ಹೊಸ ಉಪಕರಣವೊಂದು ಬರುವುದೆಂದರೆ ಮನೆತನಕ್ಕೆ ಹೊಸಬರೊಬ್ಬರು ಬಂದಂತೆಯೇ ಸರಿ. ಅದಕ್ಕೊಂದು ಸ್ಥಳ ಬೇಕು, ಅದರ ಸ್ವಭಾವವನ್ನು ಮನೆಯವರು ಅರಿಯಬೇಕು, ಅದೂ ಮನೆಯ ರೀತಿಗೆ ಒಗ್ಗಬೇಕು. ಧಾರವಾಡದಲ್ಲಿರುವ ನಮ್ಮದು ಭಾವಚಿತ್ರಗಳಿಗೆ ಚೌಕಟ್ಟು ಹಾಕುವ, ದೇವರ ಜಗುಲಿಗೆ ಸಣ್ಣ ಮಂಟಪಗಳನ್ನು ಮಾಡಿಕೊಡುವ ಮನೆತನ. 2023ರ ಬೇಸಿಗೆಯಲ್ಲಿ ನಮ್ಮ ಅಂಗಳಕ್ಕೆ ವಿದ್ಯುತ್ತಿನಿಂದ ನಡೆಯುವ ಮೈಟರ್ ಗರಗಸವೊಂದು ಬಂದಿತು. ಅದು ಬಂದ ಬಗೆ, ಅದರಿಂದ ನಾವು ಕಲಿತದ್ದು ಮತ್ತು ನಾವು ಮಾಡಿದ ತಪ್ಪುಗಳನ್ನು ಓದುಗ ಬಂಧುಗಳ ಮುಂದೆ ಇಡಬೇಕೆನಿಸಿ ಈ ನಾಲ್ಕು ಮಾತು ಬರೆಯುತ್ತಿದ್ದೇವೆ.

ನಮ್ಮ ಮನೆಯಲ್ಲಿ ಯಂತ್ರದ ಗರಗಸಕ್ಕೆ ಅರ್ಧ ಶತಮಾನದ ಬಹಿಷ್ಕಾರವಿತ್ತು. 1974ರಲ್ಲಿ ನಮ್ಮ ತಂದೆಯವರು ಒಂದು ಕೊಯ್ತದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದಾಗ ದುಂಡು ಗರಗಸಕ್ಕೆ ಸಿಕ್ಕಿ ಎಡಗೈಯ ಎರಡು ಬೆರಳುಗಳನ್ನು ಕಳೆದುಕೊಂಡಿದ್ದರು. ಆಗ ಅಣ್ಣನವರಿಗೆ ಹದಿನೇಳು ವರ್ಷ. ಶಾಲೆ ಬಿಟ್ಟು ತಂದೆಯವರ ಉಳಿ, ಕೊಡತಿಗಳನ್ನು ಕೈಗೆತ್ತಿಕೊಂಡು ಸಂಸಾರದ ನೊಗಕ್ಕೆ ಹೆಗಲು ಕೊಟ್ಟವರು ಅವರು. ಅಂದಿನಿಂದ ಪಟ್ಟಿಗಳ ಮೂಲೆಗಳನ್ನೆಲ್ಲ ಮರದ ಅಚ್ಚುಪೆಟ್ಟಿಗೆಯ ಸೀಳಿನಲ್ಲಿ ಕೈಗರಗಸವನ್ನು ಇಳಿಸಿಯೇ ಕೊಯ್ದರು. ಅವರು ಕೂಡಿಸಿದ ಮೂಲೆಯಲ್ಲಿ ಕೂದಲೆಳೆ ಹೋಗುವಷ್ಟೂ ಸಂದಿ ಇರುತ್ತಿರಲಿಲ್ಲ. ನಮ್ಮ ಅಂಗಡಿಗೆ ಗಿರಾಕಿಗಳು ಬರುತ್ತಿದ್ದುದು ಆ ಮೂಲೆಗಳನ್ನು ನೋಡಿಯೇ.

ಆದರೆ ಕಾಲ ಯಾರ ಕೈಯನ್ನೂ ಹಾಗೆಯೇ ಉಳಿಸುವುದಿಲ್ಲ. ಅರವತ್ತೈದು ದಾಟಿದ ಮೇಲೆ ಅಣ್ಣನವರ ಕಣ್ಣು ಮಂದವಾಯಿತು. ಬಲಗೈಯ ಮಣಿಕಟ್ಟಿನಲ್ಲಿ ನೋವು ಕಾಣಿಸಿಕೊಂಡಿತು. ಒಂದು ಸಲ ಗಿರಾಕಿಯೊಬ್ಬರು ಕೊಂಡುಹೋದ ಇಪ್ಪತ್ತು ಚೌಕಟ್ಟುಗಳಲ್ಲಿ ಆರನ್ನು ಮರಳಿ ತಂದು, ಏನೂ ಮಾತನಾಡದೆ ಕಟ್ಟೆಯ ಮೇಲೆ ಇಟ್ಟುಹೋದರು. ಆರರಲ್ಲಿಯೂ ಮೂಲೆ ಬಾಯಿಬಿಟ್ಟಿತ್ತು. ಅಂದು ರಾತ್ರಿ ಎಲ್ಲರೂ ಮಲಗಿದ ಮೇಲೆ ಅಣ್ಣನವರು ದೀಪದ ಕೆಳಗೆ ಒಬ್ಬರೇ ಕುಳಿತು, ಮರದ ಹೊಟ್ಟನ್ನು ಅಂಟಿನಲ್ಲಿ ಕಲಸಿ ಆ ಸಂದಿಗಳನ್ನು ಮುಚ್ಚುತ್ತಿದ್ದುದನ್ನು ನಾವು ಬಾಗಿಲ ಮರೆಯಿಂದ ಕಂಡೆವು. ಅಂಥ ಮುಚ್ಚುಗೆಲಸವನ್ನು ಅವರು ಜೀವಮಾನದಲ್ಲಿ ಮಾಡಿದವರಲ್ಲ. ಯಂತ್ರ ತರುವ ಮಾತನ್ನು ಇನ್ನು ಮುಂದೂಡಲಾಗದೆಂದು ನಮಗೆ ಆಗಲೇ ಅನಿಸಿತು.

ಮಾತೆತ್ತಿದಾಗ ಅಣ್ಣನವರು ಕೇಳಿದ್ದು ಒಂದೇ ಪ್ರಶ್ನೆ. "ಅಪ್ಪನ ಕೈ ಮರತಿಯೇನೋ ತಮ್ಮಾ? ದುಂಡನ ಗರಗಸ ಈ ಅಂಗಳದಾಗ ಬ್ಯಾಡ." ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಎರಡು ತಿಂಗಳು ಮನೆಯಲ್ಲಿ ಆ ಮಾತೇ ಬರಲಿಲ್ಲ. ಕೊನೆಗೆ ಅತ್ತಿಗೆಯವರೇ ಒಂದು ದಿನ ಊಟಕ್ಕೆ ಬಡಿಸುತ್ತ, "ಹುಡುಗ ಬ್ಯಾರೆ ಊರಾಗ ಬ್ಯಾರೆಯವರ ಮಷೀನಿನ ಮುಂದ ನಿಲ್ಲೋದಕಿಂತ ನಿಮ್ಮ ಕಣ್ಣ ಮುಂದ ನಿಲ್ಲಲಿ" ಎಂದರು. ನಮ್ಮ ಮಗ ಕೆಲಸ ಅರಸಿ ಬೆಂಗಳೂರಿಗೆ ಹೊರಡುವ ಸಿದ್ಧತೆಯಲ್ಲಿದ್ದನು. ಅಣ್ಣನವರು ಬೇಡವೆನ್ನಲಿಲ್ಲ, ತರಿರೆಂದೂ ಹೇಳಲಿಲ್ಲ. ಕೈತೊಳೆದುಕೊಂಡು ಹೊರಗೆ ಹೋದರು.

ಹುಬ್ಬಳ್ಳಿಯ ಅಂಗಡಿಯಲ್ಲಿ 8, 10 ಮತ್ತು 12 ಅಂಗುಲದ ಅಲಗುಳ್ಳ ಯಂತ್ರಗಳನ್ನು ಸಾಲಾಗಿ ಇಟ್ಟಿದ್ದರು. ಅಗಲವಾದ ಹಲಗೆ ಕೊಯ್ಯುವವರಿಗೆ ಮುಂದಕ್ಕೂ ಹಿಂದಕ್ಕೂ ಜಾರುವ ತೋಳಿನ ಯಂತ್ರ ಬೇಕು. ಅದಕ್ಕೆ ಬೆಲೆಯೂ ಹೆಚ್ಚು. ನಮ್ಮ ಪಟ್ಟಿಗಳು ಮೂರು ಅಂಗುಲಕ್ಕಿಂತ ಅಗಲವಿರುವುದಿಲ್ಲ. ಆದುದರಿಂದ ಜಾರುವ ತೋಳಿಲ್ಲದ 10 ಅಂಗುಲದ, ಎಂದರೆ 254 ಮಿಲಿಮೀಟರ್ ಅಲಗಿನ ಯಂತ್ರವನ್ನೇ ಆರಿಸಿಕೊಂಡೆವು. ಚಲಿಸುವ ಭಾಗಗಳು ಕಡಿಮೆಯಿದ್ದಷ್ಟೂ ಅಳ್ಳಕವಾಗುವ ಸಂಭವವೂ ಕಡಿಮೆ. ಅದರೊಡನೆ ಬಂದ ಅಲಗಿಗೆ 40 ಹಲ್ಲುಗಳಿದ್ದವು. ನಯವಾದ ಪಟ್ಟಿಗೆ ಹಲ್ಲು ಹೆಚ್ಚಿರುವ ಅಲಗು ಬೇಕೆಂದು ತಿಳಿದು 80 ಹಲ್ಲಿನದೊಂದನ್ನು ಬೇರೆಯಾಗಿ ಕೊಂಡೆವು. ನಮ್ಮ ಮೊದಲನೆಯ ತಪ್ಪು ಇಲ್ಲಿಯೇ ಆಯಿತು. ಮನೆಗೆ ಬಂದು ನೋಡಿದರೆ ಹೊಸ ಅಲಗಿನ ನಡುವಿನ ರಂಧ್ರ 30 ಮಿಲಿಮೀಟರ್, ಯಂತ್ರದ ಅಚ್ಚು 25.4 ಮಿಲಿಮೀಟರ್! ಏನಾದರೂ ತಗಡು ಸುತ್ತಿ ಕೂಡಿಸೋಣವೆಂದು ನೆರೆಯವರೊಬ್ಬರು ಸಲಹೆ ಕೊಟ್ಟರು. ನಿಮಿಷಕ್ಕೆ ಸುಮಾರು ಐದು ಸಾವಿರ ಸುತ್ತು ತಿರುಗುವ ಅಲಗಿಗೆ ತಗಡಿನ ಆಸರೆ ಸಲ್ಲದು. ಕೊಂಚ ನಡುತಪ್ಪಿದರೂ ಅದು ಅದುರುತ್ತದೆ. ಮರುದಿನವೇ ಹೋಗಿ ಬದಲಾಯಿಸಿಕೊಂಡು ಬಂದೆವು. ಅಲಗು ಕೊಳ್ಳುವವರು ವ್ಯಾಸದಷ್ಟೇ ರಂಧ್ರದ ಅಳತೆಯನ್ನೂ, ಅಲಗಿನ ಮೇಲೆ ಬರೆದಿರುವ ಗರಿಷ್ಠ ವೇಗವು ಯಂತ್ರದ ವೇಗಕ್ಕಿಂತ ಕಡಿಮೆಯಿಲ್ಲವೆಂಬುದನ್ನೂ ನೋಡಿಕೊಳ್ಳಬೇಕು.

ಯಂತ್ರವನ್ನು ಇಡುವುದೆಲ್ಲಿ? ನೆಲದ ಮೇಲಿಟ್ಟು ಕುಕ್ಕರಗಾಲಿನಲ್ಲಿ ಕುಳಿತು ಕೊಯ್ಯುವವರನ್ನು ನಾವು ಕಂಡಿದ್ದೇವೆ; ಅದು ಅಪಾಯಕರ. ಎಲ್ಲರೂ ಯೋಚಿಸುತ್ತಿರುವಾಗಲೇ ಅಣ್ಣನವರು ಅಟ್ಟದಿಂದ ಹಳೆಯ ಮನೆಯ ಮತ್ತಿಯ ತೊಲೆಗಳನ್ನು ಇಳಿಸಿದರು. ಯಾರೊಡನೆಯೂ ಮಾತನಾಡದೆ, ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡು, ಐದು ದಿನಗಳಲ್ಲಿ ಒಂದು ಮೇಜನ್ನು ಮಾಡಿ ಮುಗಿಸಿದರು. ಅದರಲ್ಲಿ ಮೊಳೆಯೊಂದೂ ಇಲ್ಲ. ಎಲ್ಲವೂ ತೂತು ಮತ್ತು ಕೂರಿನ ಜೋಡಣೆ. ಯಂತ್ರದ ನಾಲ್ಕು ಬೋಲ್ಟುಗಳಿಗೆ ನಾಲ್ಕು ತೂತು. ಎಡಬಲದಲ್ಲಿ ಯಂತ್ರದ ಹಾಸಿಗೆಯಷ್ಟೇ ಎತ್ತರಕ್ಕೆ ನಾಲ್ಕು ನಾಲ್ಕು ಅಡಿಯ ಆಸರೆಗಳು. ಉದ್ದನೆಯ ಪಟ್ಟಿಯ ತುದಿ ಜೋತುಬಿದ್ದರೆ ಕೊಯ್ತ ಸೊಟ್ಟಾಗುವುದಲ್ಲದೆ, ಕೊಯ್ಯುವಾಗ ಸೀಳು ಮುಚ್ಚಿಕೊಂಡು ಅಲಗನ್ನು ಹಿಡಿದುಕೊಳ್ಳುವ ಭಯವೂ ಉಂಟು. ಅವರ ಸಮ್ಮತಿ ಹೀಗೆ ಮಾತಿನಲ್ಲಿ ಬರದೆ ಮರದಲ್ಲಿ ಬಂದಿತು.

ವಿದ್ಯುತ್ತಿನ ವಿಷಯದಲ್ಲಿಯೂ ಎಚ್ಚರ ಬೇಕು. 1800 ವ್ಯಾಟಿನ ಯಂತ್ರವು 230 ವೋಲ್ಟಿನಲ್ಲಿ ಸುಮಾರು 8 ಆಂಪಿಯರ್ ಎಳೆಯುತ್ತದೆ. ಚಾಲೂ ಆಗುವ ಕ್ಷಣದಲ್ಲಿ ಇನ್ನೂ ಹೆಚ್ಚು. ಮನೆಯ ಗೋಡೆಯಲ್ಲಿನ 6 ಆಂಪಿಯರಿನ ಸಣ್ಣ ಪ್ಲಗ್ಗಾಗಲಿ, ತೆಳುವಾದ ಜೋಡುತಂತಿಯಾಗಲಿ ಇದಕ್ಕೆ ತಕ್ಕವಲ್ಲ. ಪರವಾನಿಗೆಯುಳ್ಳ ಕೆಲಸಗಾರರನ್ನು ಕರೆಸಿ 16 ಆಂಪಿಯರಿನ ಬೇರೆ ಸಾಲನ್ನು ಎಳೆಸಿ, ಅರ್ಥಿಂಗ್ ಸರಿಯಿರುವುದನ್ನು ಪರೀಕ್ಷಿಸಿದ ಮೇಲೆಯೇ ಯಂತ್ರಕ್ಕೆ ವಿದ್ಯುತ್ ಕೊಟ್ಟೆವು.

ಮೊದಲ ದಿನ ಮಗನು ತೋಳನ್ನು 45 ಡಿಗ್ರಿಗೆ ತಿರುಗಿಸಿ, ಕಟಕ್ಕೆಂದು ಕೂರುವ ಗುರುತಿನಲ್ಲಿ ನಿಲ್ಲಿಸಿ ಎಂಟು ಕೊಯ್ತಗಳನ್ನು ಕೊಯ್ದನು. ಕೊಯ್ದ ಮುಖವೇನೋ ಕನ್ನಡಿಯಂತಿತ್ತು. ಕೂಡಿಸಿದಾಗ ಮೂರು ಮೂಲೆಗಳು ಮುಚ್ಚಿದವು. ನಾಲ್ಕನೆಯದು ಎರಡೂವರೆ ಮಿಲಿಮೀಟರಿನಷ್ಟು ಬಾಯಿಬಿಟ್ಟಿತು! ಸಾವಿರಾರು ರೂಪಾಯಿ ಸುರಿದು ತಂದ ಯಂತ್ರ ಹೀಗೇಕೆ ಮಾಡಿತೆಂದು ನಾವೆಲ್ಲ ಮುಖ ಮುಖ ನೋಡಿಕೊಂಡೆವು. ಅಣ್ಣನವರು ಪ್ಲಗ್ ಕೀಳಿಸಿದರು. ತೋಳನ್ನು ಸೊನ್ನೆಯ ಗುರುತಿಗೆ ತಂದು ಕೆಳಗಿಳಿಸಿ ಹಿಡಿಸಿದರು. ತಂದೆಯವರ ಕಾಲದ ಉಕ್ಕಿನ ಮೂಲೆಮಟ್ಟವನ್ನು ತಂದು, ಅದರ ಒಂದು ಅಂಚನ್ನು ಮರ ಆನಿಸುವ ಹಿಂದಿನ ಗೋಡೆಗೂ ಇನ್ನೊಂದನ್ನು ಅಲಗಿಗೂ ತಾಗಿಸಿದರು. ಹಲ್ಲುಗಳು ಅಲಗಿನ ಮೈಗಿಂತ ತುಸು ಹೊರಚಾಚಿರುತ್ತವೆ. ಮಟ್ಟವು ಹಲ್ಲಿಗೆ ತಗುಲದೆ ಎರಡು ಹಲ್ಲುಗಳ ನಡುವೆ ಅಲಗಿನ ಮೈಯನ್ನೇ ಮುಟ್ಟಬೇಕು. ಅವರಿಗೆ ಕಣ್ಣು ಮಂದ. ಬೆರಳಿನಿಂದಲೇ ತಡವಿ, "ಇದರ ಬೆನ್ನು ಸೊಟ್ಟ ಅದ ನೋಡೋ" ಎಂದರು. ಹೌದು, ಮಟ್ಟಕ್ಕೂ ಅಲಗಿಗೂ ನಡುವೆ ಒಂದು ತುದಿಯಲ್ಲಿ ಬೆಳಕು ಕಾಣುತ್ತಿತ್ತು.

ಲೆಕ್ಕ ಹಾಕಿದೆವು. ಎರಡು ಅಂಗುಲದ ಪಟ್ಟಿ. ಒಂದೊಂದು ಕೊಯ್ತದಲ್ಲಿ ಕಾಲು ಡಿಗ್ರಿ ತಪ್ಪಿದರೆ ಎಂಟು ಕೊಯ್ತಗಳಿಗೆ ಎರಡು ಡಿಗ್ರಿ. ಮೂರು ಮೂಲೆಗಳನ್ನು ಒತ್ತಿ ಮುಚ್ಚಿದರೆ ಆ ತಪ್ಪೆಲ್ಲ ನಾಲ್ಕನೆಯ ಮೂಲೆಗೆ ಹೋಗಿ ನಿಲ್ಲುತ್ತದೆ. ಹಿಂದಿನ ಗೋಡೆಯ ತಿರುಪುಗಳನ್ನು ಸಡಿಲಿಸಿ, ಮಟ್ಟಕ್ಕೆ ಸರಿಯಾಗಿ ಆನಿಸಿ, ಒಂದೊಂದಾಗಿ ಬಿಗಿದೆವು. ಹಾಸಿಗೆಯ ಮೇಲೆ ಮಟ್ಟವನ್ನು ನೆಟ್ಟಗೆ ನಿಲ್ಲಿಸಿ ಅಲಗಿನ ನಿಲುವನ್ನೂ ನೋಡಿದೆವು. ಕೊನೆಗೆ ಅಣ್ಣನವರು ಹೇಳಿದ ಪರೀಕ್ಷೆ: ಅಗಲವಾದ ಬೇಡದ ಹಲಗೆಯೊಂದನ್ನು ನೇರಕ್ಕೆ ಕೊಯ್ದು, ಒಂದು ತುಂಡನ್ನು ಮಗುಚಿ, ಎರಡನ್ನೂ ಗೋಡೆಗೆ ಆನಿಸಿ ಕೂಡಿಸಬೇಕು. ಕೊಯ್ತ ಸೊಟ್ಟಾಗಿದ್ದರೆ ತಪ್ಪು ಇಮ್ಮಡಿಯಾಗಿ ಸಂದಿಯಲ್ಲಿ ಕಾಣಿಸುತ್ತದೆ. ಮೂರು ಸಲ ತಿದ್ದಿದ ಮೇಲೆ ಸಂದಿ ಮಾಯವಾಯಿತು. ಆ ಸಂಜೆ ಕೂಡಿಸಿದ ಚೌಕಟ್ಟಿನ ನಾಲ್ಕೂ ಮೂಲೆಗಳ ಮೇಲೆ ಅಣ್ಣನವರು ಉಗುರಾಡಿಸಿ ನೋಡಿದರು. ಉಗುರು ಎಲ್ಲಿಯೂ ನಿಲ್ಲಲಿಲ್ಲ. ಕೈಯಿಂದ ಕಲಿತ ವಿದ್ಯೆ ಯಂತ್ರ ಬಂದೊಡನೆ ನಿರುಪಯೋಗಿಯಾಗುತ್ತದೆಂದು ಒಳಗೊಳಗೇ ಅಂಜಿದ್ದ ನಮಗೆ, ಯಂತ್ರಕ್ಕೂ ತಿದ್ದುವವರು ಬೇಕೆಂಬುದು ಅಂದು ತಿಳಿಯಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಶ್ರಾವಣ ಮಾಸದಲ್ಲಿ ಮಂಟಪಗಳ ಬೇಡಿಕೆ ಹೆಚ್ಚಾಗಿ, ಅವಸರದಲ್ಲಿ ನಾವೇ ಮಗನಿಗೆ "ಬೇಗ ಮುಗಿಸು" ಎಂದು ಹೇಳಿದ್ದೆವು. ಅವನು ಮೂರು ಅಂಗುಲದ ತುಂಡೊಂದನ್ನು ಕೈಯಿಂದಲೇ ಒತ್ತಿಹಿಡಿದು ಅಲಗನ್ನು ಇಳಿಸಿದನು. ತುಂಡು ಸಿಡಿದು ಗೋಡೆಗೆ ಬಡಿಯಿತು. ಅವನ ಕೈ ಅಲಗಿನ ಕಡೆಗೆ ಜಾರಿತ್ತು. ಹೆಬ್ಬೆರಳ ಉಗುರಿನ ಅಂಚು ಮಾತ್ರ ತರಚಿ ಉಳಿಯಿತು. ಅಲಗು ನಿಂತ ಮೇಲೆ ಅಂಗಳದಲ್ಲಿ ಕವಿದ ಮೌನವನ್ನು ನಾವು ಮರೆಯಲಾರೆವು. ಅಣ್ಣನವರು ಅವನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದು, ಒಂದೊಂದೇ ಬೆರಳನ್ನು ಮುಟ್ಟಿ ಎಣಿಸಿದರು. ಬೈಯಲಿಲ್ಲ. ತಪ್ಪು ಹುಡುಗನದಲ್ಲ, ಅವಸರಪಡಿಸಿದ ನಮ್ಮದು.

ಅಂದಿನಿಂದ ನಮ್ಮ ಮನೆಯಲ್ಲಿ ಕೆಲವು ಕಟ್ಟಳೆಗಳಾಗಿವೆ. ಅಲಗಿನಿಂದ ಒಂದು ಗೇಣಿನೊಳಗೆ ಕೈ ಇರಕೂಡದು. ಹಿಡಿಕಟ್ಟಿನಿಂದ ಮರವನ್ನು ಬಿಗಿಯದೆ ಗುಂಡಿ ಒತ್ತಕೂಡದು. ಬಾಗಿದ ಪಟ್ಟಿಯಾದರೆ ಅದರ ಉಬ್ಬಿದ ಮಗ್ಗುಲು ಗೋಡೆಗೆ ಆನಿರಬೇಕು. ಕೊಯ್ದಾದ ಮೇಲೆ ಗುಂಡಿ ಬಿಟ್ಟು, ಅಲಗು ಪೂರ್ತಿ ನಿಂತ ಮೇಲೆಯೇ ತೋಳನ್ನು ಎತ್ತಬೇಕು. ಅಲಗಿನ ಮುಚ್ಚಳವನ್ನು ಕಟ್ಟಿಹಾಕಕೂಡದು. ಅಲಗು ಬದಲಾಯಿಸುವಾಗ ಮೊದಲು ಪ್ಲಗ್ ಕೀಳಬೇಕು. ನಮ್ಮ ಯಂತ್ರದಲ್ಲಿ ಆ ಬೋಲ್ಟು ಬಲಕ್ಕೆ ತಿರುವಿದರೆ ಬಿಚ್ಚುತ್ತದೆಂಬುದನ್ನು ತಿಳಿಯದೆ ಅರ್ಧ ದಿನ ಒದ್ದಾಡಿದ್ದೆವು. ಸಡಿಲ ತೋಳಿನ ಅಂಗಿ, ಹೆಗಲ ವಸ್ತ್ರ, ಕೈಗವಸು ಇವು ಯಂತ್ರದ ಬಳಿ ಸಲ್ಲವು. ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ, ಮೂಗಿಗೆ ಮುಸುಕು ಬೇಕು. ಮರದ ಧೂಳನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 1995ರಲ್ಲಿಯೇ ಸೇರಿಸಿದೆ. ನಮ್ಮ ಹಿರಿಯರು ಆ ಧೂಳನ್ನು ಉಸಿರಾಡುತ್ತಲೇ ಬಾಳಿದರು. ಮಕ್ಕಳೂ ಹಾಗೆಯೇ ಬಾಳಬೇಕೆಂದೇನಿಲ್ಲ.

ಎಂಟು ಅಂಗುಲಕ್ಕಿಂತ ಚಿಕ್ಕ ತುಂಡುಗಳನ್ನು ಈಗ ಯಂತ್ರಕ್ಕೆ ಒಡ್ಡುವುದಿಲ್ಲ. ಅವು ಅಣ್ಣನವರ ಪಾಲು. ಹಳೆಯ ಅಚ್ಚುಪೆಟ್ಟಿಗೆಯೂ ಕೈಗರಗಸವೂ ಆ ಮೇಜಿನ ಪಕ್ಕದಲ್ಲಿಯೇ ಇವೆ. ಬೆಳಗಿನ ಬೆಳಕು ಚೆನ್ನಾಗಿರುವಾಗ ಒಂದು ಗಂಟೆ ಕುಳಿತು ಅವರು ಆ ಸಣ್ಣ ತುಂಡುಗಳನ್ನು ಕೊಯ್ದುಕೊಡುತ್ತಾರೆ. ಮಣಿಕಟ್ಟು ನೋಯತೊಡಗಿದರೆ ಎದ್ದುಬಿಡುತ್ತಾರೆ. ಮಗನು ಬೆಂಗಳೂರಿಗೆ ಹೋಗಲಿಲ್ಲ. ಪ್ರತಿ ಸೋಮವಾರ ಕೆಲಸಕ್ಕೆ ಮೊದಲು ಅವನು ಪ್ಲಗ್ ಕಿತ್ತು, ಅಜ್ಜನ ಮೂಲೆಮಟ್ಟವನ್ನು ಅಲಗಿಗೆ ಆನಿಸಿ ನೋಡುತ್ತಾನೆ. ನೋಡಿಯಾದ ಮೇಲೆ "ದೊಡ್ಡಪ್ಪಾ, ನೀವೂ ಒಮ್ಮೆ ಮುಟ್ಟಿ ನೋಡ್ರಿ" ಎಂದು ಕರೆಯುತ್ತಾನೆ.

ಹೊಸ ಯಂತ್ರ ಕೊಳ್ಳಲು ಯೋಚಿಸುತ್ತಿರುವ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ. ಯಂತ್ರದ ಬೆಲೆಯೊಡನೆ ಮೇಜಿನ, ತಂತಿಯ, ಕನ್ನಡಕದ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಮನೆಗೆ ತಂದ ದಿನವೇ ಕೆಲಸಕ್ಕೆ ಹಚ್ಚದೆ ಒಂದು ದಿನವನ್ನು ಅದನ್ನು ತಿದ್ದುವುದಕ್ಕೆ ಮೀಸಲಿಡಿರಿ. ಮನೆಯಲ್ಲಿ ಮೂಲೆಮಟ್ಟ ಹಿಡಿಯಬಲ್ಲ ಹಿರಿಯರಿದ್ದರೆ ಆ ದಿನ ಅವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿರಿ.