42ನೇ ನಂಬರು ಮತ್ತು ನಮ್ಮ ಪುಟ್ಟಿ ಮದುವೆ

ಸ್ನೇಹಿತರೇ, ಇವತ್ತು ಹೋರಾಟದ ಪೋಸ್ಟ್ ಅಲ್ಲ. ಮನೆ ವಿಷಯ. ನಾನೇ ಮಾಡಿದ ಒಂದು ತಪ್ಪಿನ ವಿಷಯ. ಸ್ವಲ್ಪ ಉದ್ದ ಇದೆ, ಪುರುಸೊತ್ತಾದಾಗ ಓದಿ.

ನಮ್ಮಕ್ಕನ ಮಗಳು ನ್ಯೂಯಾರ್ಕಲ್ಲಿ ಇದಾಳೆ. "ನನ್ನ ಹೆಸರು ಹಾಕಬೇಡ ಮಾವ" ಅಂದಿದಾಳೆ, ಅದಕ್ಕೆ ಪುಟ್ಟಿ ಅಂತಲೇ ಬರೀತೀನಿ. ಪಿಯುಸಿ ಎರಡು ವರ್ಷ ನಮ್ಮ ಮನೇಲಿದ್ದು ಓದಿದೋಳು. ಭಾವ ತೀರಿಹೋಗಿದ್ರು, ಅಕ್ಕ ಗಾರ್ಮೆಂಟ್ಸ್‌ಗೆ ಹೋಗ್ತಿದ್ಲು. ಹುಡುಗಿ ಇಂಜಿನಿಯರಿಂಗ್ ಮುಗಿಸಿ, ಸರ್ಕಾರದ ವಿದೇಶ ವ್ಯಾಸಂಗದ ಸ್ಕಾಲರ್‌ಶಿಪ್ ಪಡೆದು ಎಂ.ಎಸ್. ಮಾಡೋಕೆ ಹೋದಳು. ಈಗ ಅಲ್ಲೇ ಕೆಲಸ.

ಆ ಸ್ಕಾಲರ್‌ಶಿಪ್ ಅರ್ಜಿಗೆ ಬೇಕಾದ ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ ಎಲ್ಲ ನಾನೇ ಓಡಾಡಿ ಮಾಡಿಸಿದ್ದು. ನನ್ನ ಹೊಟ್ಟೆಪಾಡೂ ಅದೇ ತಾನೆ. ನಾನೊಬ್ಬ ಗುಮಾಸ್ತ. ದಿನಾ ಬೆಳಗಾದರೆ ಜಾತಿ ಪ್ರಮಾಣಪತ್ರದ ಅರ್ಜಿಗಳು ನನ್ನ ಟೇಬಲ್ ಮೇಲೆ ಹಾದುಹೋಗ್ತವೆ. ಭಾನುವಾರ ಬಂದರೆ ಸಂಘಟನೆ, ಸಭೆ, ಭಾಷಣ. "ನಮ್ಮ ಗುರುತು ನಮ್ಮ ಹೆಮ್ಮೆ" ಅಂತ ಮೈಕ್ ಹಿಡಿದು ಎಷ್ಟು ಊರಲ್ಲಿ ಕೂಗಿದೀನೋ ಲೆಕ್ಕ ಇಲ್ಲ.

ಅಂಥವನು ಏರ್‌ಪೋರ್ಟಲ್ಲಿ ಪುಟ್ಟಿನ ಪಕ್ಕಕ್ಕೆ ಕರೆದು ಏನಂದೆ ಗೊತ್ತಾ? "ಅಲ್ಲೂ ನಮ್ಮ ದೇಶದೋರು ಸಿಕ್ತಾರೆ. ಜಾತಿಗೀತಿ ಅಂತ ಯಾರ ಹತ್ರನೂ ಬಾಯಿ ಬಿಡಬೇಡ. ಓದು, ಕೆಲಸ, ಅಷ್ಟೇ ನೋಡ್ಕೊ."

ಅವಳು ಹೂಂ ಅಂದಳು. ಅಕ್ಕ ಕಣ್ಣೊರೆಸಿಕೊಂಡಳು. ನಾನು ದೊಡ್ಡ ಬುದ್ಧಿಮಾತು ಹೇಳಿದೋನ ಹಂಗೆ ವಾಪಸ್ ಬಸ್ ಹತ್ತಿದೆ.

ಪುಟ್ಟಿ ಇರೋದು ಕ್ವೀನ್ಸ್‌ನ ವುಡ್‌ಸೈಡ್ ಹತ್ರ. ಮೂರು ಜನ ಸೇರಿ ಒಂದು ಮನೆ. ಶನಿವಾರ ಬೆಳಗ್ಗೆ ಒಂದು ವಾರದ ಬಟ್ಟೆ ಚೀಲಕ್ಕೆ ತುಂಬಿಕೊಂಡು ಲಾಂಡ್ರಿ ಅಂಗಡಿಗೆ ಹೋಗಿ, ಮಿಷಿನ್ ತಿರುಗೋ ಹೊತ್ತಲ್ಲಿ ನಮಗೆ ವಿಡಿಯೋ ಕಾಲ್ ಮಾಡ್ತಾಳೆ. ನಮಗಿಲ್ಲಿ ಸಂಜೆ. ಅಕ್ಕನಿಗೆ ಆ ಮಿಷಿನ್‌ಗಳನ್ನ ನೋಡೋದೇ ಒಂದು ಖುಷಿ. ಎರಡು ಸ್ಟಾಪ್ ಆಚೆಗೆ ನಮ್ಮೋರ ಅಂಗಡಿಗಳಿವೆಯಂತೆ, ಸಾರಿನ ಪುಡಿ ಸಿಗುತ್ತೆ, ಮುದ್ದೆಗೆ ರಾಗಿ ಹಿಟ್ಟೂ ಸಿಗುತ್ತೆ. ಬೇಸಿಗೆ ಅಂದರೆ ಅಲ್ಲಿಯೋರಿಗೆ ಹಬ್ಬ. ಜೂನ್, ಜುಲೈನಲ್ಲಿ ರಾತ್ರಿ ಎಂಟೂವರೆವರೆಗೂ ಬೆಳಕಿರುತ್ತೆ. ಚಳಿಗಾಲ ಪೂರ್ತಿ ಒಳಗೆ ಕೂತ ಜನ ಶನಿವಾರ ಭಾನುವಾರ ಬಂದರೆ ಬೀಚು, ಪಾರ್ಕು, ಬೇಸ್‌ಬಾಲು ಅಂತ ಹೊರಗೆ ಬೀಳ್ತಾರೆ.

ಇವಳಿಗೆ ಬೇಸ್‌ಬಾಲ್ ಹುಚ್ಚು ಹತ್ತಿಸಿದ್ದು ಆಫೀಸಿನ ಗೆಳತಿ. ಆಫ್ರಿಕನ್ ಅಮೆರಿಕನ್ ಹುಡುಗಿ, ಅಜ್ಜ ಅಜ್ಜಿ ಕಾಲದಿಂದ ಬ್ರೂಕ್ಲಿನ್‌ನೋರು. ಮೆಟ್ಸ್ ಅನ್ನೋ ತಂಡದ ಮೈದಾನ ಸಿಟಿ ಫೀಲ್ಡ್‌ಗೆ ಪುಟ್ಟಿ ಮನೆ ಹತ್ರದಿಂದ 7ನೇ ನಂಬರ್ ರೈಲು. ತೀರಾ ಮೇಲಿನ ಸಾಲಲ್ಲಿ ಕಡಿಮೆ ದುಡ್ಡಿನ ಸೀಟು ತಗೊಂಡು ಕೂರ್ತಾರಂತೆ.

ನಂಗೆ ಆಟ ಅರ್ಥ ಮಾಡಿಸೋಕೆ ಅವಳು ಪಟ್ಟ ಪಾಡು ಅಷ್ಟಿಷ್ಟಲ್ಲ. "ಕ್ರಿಕೆಟ್ ಮರೆತುಬಿಡು ಮಾವ. ಚೆಂಡು ಪಿಚ್ ಬೀಳಲ್ಲ, ನೇರ ಬರುತ್ತೆ. ಮೂರು ಸಲ ತಪ್ಪಿದರೆ ಔಟು. ಹೊಡೆದ ಮೇಲೆ ಬ್ಯಾಟು ಅಲ್ಲೇ ಬಿಸಾಕಿ ಓಡಬೇಕು. ಮೂರು ಬೇಸು ಸುತ್ತಿ, ನಿಂತಿದ್ದ ಜಾಗಕ್ಕೇ ವಾಪಸ್ ಬಂದರೆ ಒಂದು ರನ್ನು." ಒಂಬತ್ತು ಇನಿಂಗ್ಸಂತೆ. ಏಳನೇ ಇನಿಂಗ್ಸ್ ಮಧ್ಯದಲ್ಲಿ ಇಡೀ ಮೈದಾನ ಎದ್ದುನಿಂತು ಮೈಮುರಿದು ಹಾಡು ಹೇಳುತ್ತಂತೆ. "ನಮ್ಮ ಚಿನ್ನಿದಾಂಡೇ ವಾಸಿ" ಅಂದೆ. ನಕ್ಕಳು.

ಈ ವರ್ಷ ಮದುವೆ ಮಾತು ಶುರುವಾಯ್ತು. ಹುಡುಗ ಇವಳ ಜೊತೆ ಓದಿದೋನು, ಬೆಂಗಳೂರಿನೋನು, ಮೇಲ್ಜಾತಿ. ಒಳ್ಳೆ ಹುಡುಗ, ನಾನೇ ಎರಡು ಮೂರು ಸಲ ಮಾತಾಡಿಸಿದೀನಿ. ಅವನಿಗೆ ಎಲ್ಲ ಗೊತ್ತು. ಮನೆಯೋರಿಗೂ ಹೇಳಿದಾನೆ. ಒಂದು ವರ್ಷ ಗುದ್ದಾಡಿ ಒಪ್ಪಿಸಿದಾನೆ.

ಪುಟ್ಟಿ ಒಂದು ಎಕ್ಸೆಲ್ ಶೀಟ್ ಮಾಡಿ ಕಳಿಸಿದಳು. ಛತ್ರ, ಅಡುಗೆಯೋರು, ಸೀರೆ, ಬ್ಲೌಸ್ ಅಳತೆ, ಊರಿಂದ ಬಸ್ಸು, ಬೀಗರೂಟಕ್ಕೆ ಎಷ್ಟು ಕೆ.ಜಿ. ಮಟನ್ನು, ಎಲ್ಲಕ್ಕೂ ಒಂದೊಂದು ಸಾಲು. ಶಾಸ್ತ್ರ ಬೇಡ, ಮಂತ್ರ ಮಾಂಗಲ್ಯ ಆಗ್ತೀವಿ, ಬಾಬಾಸಾಹೇಬರ ಫೋಟೋ ಇಟ್ಟು ಸಂವಿಧಾನದ ಪೀಠಿಕೆ ಓದ್ತೀವಿ ಅಂದಳು. ಲಗ್ನಪತ್ರಿಕೆ ಮೇಲೂ ಅದೇ ಫೋಟೋ. ಅಕ್ಕ ಮಾತ್ರ, "ಏನಾದ್ರೂ ಮಾಡ್ಕಳ್ಳಿ, ಸೋದರಮಾವ ಕೈಹಿಡಿದು ಕರ್ಕೊಂಡು ಬರಬೇಕು, ಬೀಗರೂಟ ಆಗಬೇಕು" ಅಂತ ಎರಡೇ ಷರತ್ತು ಹಾಕಿದಳು.

ಒಂದಿನ ಹುಡುಗನ ತಾಯಿ ನಂಗೆ ಫೋನ್ ಮಾಡಿದ್ರು. ತುಂಬಾ ಮರ್ಯಾದೆಯಿಂದಲೇ ಮಾತಾಡಿದ್ರು, ಅದನ್ನ ಹೇಳಲೇಬೇಕು. "ನಮಗೇನೂ ಇಲ್ಲ ಸಾರ್, ಆದ್ರೆ ನಮ್ಮ ನೆಂಟರಿಷ್ಟರು ಒಂಥರ. ಕಾರ್ಡ್ ಮೇಲೆ ಆ ಫೋಟೋ ಒಂದು ಬೇಡ. ಬೀಗರೂಟ ನೀವು ನಿಮ್ಮಷ್ಟಕ್ಕೆ ಊರಲ್ಲಿ ಮಾಡ್ಕೊಳ್ಳಿ. ನಿಮ್ಮ ಕಡೆಯಿಂದ ಬಸ್ಸೆಲ್ಲ ಯಾಕೆ, ಹತ್ತಿಪ್ಪತ್ತು ಜನ ಬಂದ್ರೆ ಸಾಕು. ಯಾರಾದ್ರೂ ಕೇಳಿದ್ರೆ ಬೇರೆ ಏನಾದ್ರೂ ಹೇಳಿಬಿಡಿ, ಒಂದು ದಿನದ ಮಾತಲ್ವಾ?"

ನಾನು ಏನಂದೆ? "ಆಯ್ತಮ್ಮ, ನೋಡೋಣ" ಅಂದೆ.

ಬೈದುಕೊಳ್ಳಿ. ನಾನೂ ಬೈದುಕೊಂಡಿದೀನಿ. ಆ ಹೊತ್ತಿಗೆ ತಲೇಲಿ ಇದ್ದದ್ದು ಒಂದೇ: ಮಗು ಬಾಳು. ತಂದೆ ಇಲ್ಲದ ಹುಡುಗಿ, ಇಷ್ಟು ದೂರ ಬಂದಿದೆ, ಒಂದು ಫೋಟೋದಿಂದ, ಒಂದು ಬಸ್ಸಿಂದ ಕೆಡಬಾರದು. ಪುಟ್ಟಿಗೂ ಅದನ್ನೇ ಹೇಳಿದೆ. "ಒಂದು ದಿನ ತಾನೆ, ಅಡ್ಜಸ್ಟ್ ಮಾಡ್ಕೊ. ಆಮೇಲೆ ನಿಮ್ಮ ಮನೇಲಿ ನಿಮ್ಮಿಷ್ಟ."

ಅವಳು ಏನೂ ಅನ್ನಲಿಲ್ಲ. ಎರಡು ಶನಿವಾರ ಫೋನ್ ಬರಲಿಲ್ಲ.

ಮೂರನೇ ವಾರ, ಭಾನುವಾರ ಬೆಳಗ್ಗೆ ಏಳೂವರೆ, ನಾನಿನ್ನೂ ಕಾಫಿ ಕುಡೀತಿದ್ದೆ, ವಿಡಿಯೋ ಕಾಲ್ ಬಂತು. ಅಲ್ಲಿ ಶನಿವಾರ ರಾತ್ರಿ ಹತ್ತು. ಮ್ಯಾಚ್ ಮುಗಿಸಿ ಇನ್ನೂ ಸಿಟಿ ಫೀಲ್ಡಲ್ಲೇ ಇದ್ದಳು. ಹಿಂದೆ ಆಳೆತ್ತರ ಮೀರಿದ ನೀಲಿ ಬಣ್ಣದ ಅಂಕಿ, 42. ಆ ಹಜಾರದ ಹೆಸರೇ ಜಾಕಿ ರಾಬಿನ್ಸನ್ ರೊಟುಂಡಾ.

"ಇದು ಯಾರ ನಂಬರು ಗೊತ್ತಾ ಮಾವ?" ಅಂದಳು. ಹೆಸರು ಕೇಳಿದ್ದೆ, ಅಷ್ಟೇ. ಅವಳು ಹೇಳಿದಳು. ಆಮೇಲೆ ನಾನೂ ಕೂತು ಓದಿದೆ.

ಜಾಕಿ ರಾಬಿನ್ಸನ್ ಹುಟ್ಟಿದ್ದು 1919ರಲ್ಲಿ, ಜಾರ್ಜಿಯಾದಲ್ಲಿ, ಇನ್ನೊಬ್ಬರ ಹೊಲ ಪಾಲಿಗೆ ಮಾಡೋರ ಮನೇಲಿ. ಸೈನ್ಯದಲ್ಲಿದ್ದಾಗ 1944ರಲ್ಲಿ, ಬಸ್ಸಿನ ಹಿಂದಕ್ಕೆ ಹೋಗು ಅಂದಾಗ ಹೋಗಲ್ಲ ಅಂದ. ಕೋರ್ಟ್ ಮಾರ್ಷಲ್ ಆಯ್ತು. ಗೆದ್ದು ಬಂದ. ಆಗ ಅಮೆರಿಕದ ದೊಡ್ಡ ಲೀಗಲ್ಲಿ ಕರಿಯರಿಗೆ ಆಡೋ ಅವಕಾಶ ಇರಲಿಲ್ಲ. 1880ರ ದಶಕದಿಂದ ಹಂಗೇ ನಡೆದುಬಂದಿತ್ತು. ಹಾಗಂತ ಎಲ್ಲೂ ಕಾನೂನು ಬರೆದಿರಲಿಲ್ಲ. ಮಾಲೀಕರು ತಮ್ಮತಮ್ಮಲ್ಲೇ ಮಾಡಿಕೊಂಡ ಒಪ್ಪಂದ. ನಮ್ಮೂರ ಹೋಟೆಲಲ್ಲಿ ನಮಗೆ ಬೇರೆ ಲೋಟ ಇಟ್ಟಿದ್ದರಲ್ಲ, ಅದನ್ನ ಯಾವ ಬೋರ್ಡಲ್ಲಿ ಬರೆದಿದ್ದರು ಹೇಳಿ? ಕರಿಯ ಆಟಗಾರರು ತಮ್ಮದೇ ನೀಗ್ರೋ ಲೀಗುಗಳಲ್ಲಿ ಆಡ್ತಿದ್ದರು. ಆ ಲೀಗಿನ ಲೆಕ್ಕಗಳನ್ನ ದೊಡ್ಡ ಲೀಗಿನ ದಾಖಲೆಗೆ ಸೇರಿಸಿದ್ದು ಮೊನ್ನೆ ಮೊನ್ನೆ, 2024ರಲ್ಲಿ. ಸೇರಿಸಿದ ಕೂಡಲೇ ಬ್ಯಾಟಿಂಗ್ ಸರಾಸರಿಯಲ್ಲಿ ಮೊದಲ ಜಾಗಕ್ಕೆ ಬಂದು ಕೂತವನು ಜಾಶ್ ಗಿಬ್ಸನ್ ಅನ್ನೋ ಕರಿಯ ಆಟಗಾರ. ದೊಡ್ಡ ಲೀಗಲ್ಲಿ ಒಂದು ಮ್ಯಾಚೂ ಆಡಗೊಡದೆ ಅವನನ್ನ ಸಾಯಿಸಿದ್ರು.

1947ರ ಏಪ್ರಿಲ್ 15. ಬ್ರೂಕ್ಲಿನ್ ಡಾಡ್ಜರ್ಸ್ ಪರವಾಗಿ ಎಬೆಟ್ಸ್ ಫೀಲ್ಡಲ್ಲಿ ರಾಬಿನ್ಸನ್ ಕಣಕ್ಕಿಳಿದ. ಏಪ್ರಿಲ್ 14 ನಮ್ಮ ದಿನ, ಅದರ ಮಾರನೇ ದಿನ ಅವರದು. ಈಗ ಪ್ರತಿವರ್ಷ ಏಪ್ರಿಲ್ 15ಕ್ಕೆ ಎಲ್ಲ ತಂಡದ ಎಲ್ಲ ಆಟಗಾರರೂ 42ನೇ ನಂಬರೇ ಹಾಕ್ಕೊಂಡು ಆಡ್ತಾರೆ. ಉಳಿದ ದಿನ ಯಾರಿಗೂ ಆ ನಂಬರಿಲ್ಲ, 1997ರಲ್ಲೇ ನಿವೃತ್ತಿ ಮಾಡಿಬಿಟ್ಟಿದಾರೆ. ಎಬೆಟ್ಸ್ ಫೀಲ್ಡ್ ಶುರುವಾದದ್ದು 1913ರಲ್ಲಿ. ಅದೇ ವರ್ಷ ಬಾಬಾಸಾಹೇಬರು ಬರೋಡಾ ಮಹಾರಾಜರ ವಿದ್ಯಾರ್ಥಿವೇತನ ಪಡೆದು ಕೊಲಂಬಿಯಾದಲ್ಲಿ ಓದೋಕೆ ಅದೇ ಊರಿಗೆ ಬಂದಿಳಿದರು. ಓದಿನಾಗ ಮೈ ನಡುಕ ಬಂತು ನಂಗೆ.

ರಾಬಿನ್ಸನ್‌ನ ತಂಡಕ್ಕೆ ತಗೊಂಡ ಬ್ರಾಂಚ್ ರಿಕಿ ಮೊದಲೇ ಒಂದು ಷರತ್ತು ಹಾಕಿದ್ದ. ಎಷ್ಟೇ ಬೈದರೂ, ಕಾಲಿಗೆ ತುಳಿದರೂ, ತಿರುಗಿ ಬೀಳಂಗಿಲ್ಲ. ಎದುರು ತಂಡದ ಮ್ಯಾನೇಜರೇ ನಿಂತು ಬೈದ. ಕೊಲ್ತೀವಿ ಅಂತ ಕಾಗದ ಬಂದವು. ರಾಬಿನ್ಸನ್ ಹಲ್ಲು ಕಚ್ಚಿಕೊಂಡು ಆಡಿದ. ಆ ವರ್ಷದ ಅತ್ಯುತ್ತಮ ಹೊಸ ಆಟಗಾರ ಪ್ರಶಸ್ತಿ ತಗೊಂಡ. ಒಂದೆರಡು ವರ್ಷ ಕಳೆದ ಮೇಲೆ ಬಾಯಿ ಬಿಟ್ಟ, ಆಮೇಲೆ ಸಾಯೋವರೆಗೂ ಮುಚ್ಚಲಿಲ್ಲ.

ನಾನು ಗುಮಾಸ್ತನ ಬುದ್ಧಿ ಬಿಡಲಿಲ್ಲ ನೋಡಿ. "ಅದೇ ತಾನೆ ಪುಟ್ಟಿ ನಾನು ಹೇಳಿದ್ದು? ಅವನೂ ಮೊದಲು ಸುಮ್ಮನಿದ್ದ, ಗೆದ್ದ ಮೇಲೆ ಮಾತಾಡಿದ. ನೀನೂ ಸ್ವಲ್ಪ ದಿನ ಸುಮ್ಮನಿರು" ಅಂದೆ.

ಅವಳು ಫೋನನ್ನ ಆ ನೀಲಿ ಅಂಕಿ ಕಡೆ ತಿರುಗಿಸಿದಳು. "ಮಾವ, ಅವನು ಸುಮ್ಮನಿದ್ದ. ಬಚ್ಚಿಟ್ಟುಕೊಂಡಿರಲಿಲ್ಲ. ಮೈದಾನಕ್ಕೆ ಕಾಲಿಟ್ಟರೆ ಸಾಕು, ಅವನು ಯಾರು ಅಂತ ಇಡೀ ಜನಕ್ಕೆ ಕಾಣೋದು. ಹಂಗೆ ಕಾಣಿಸಿಕೊಂಡೇ ಆಡಿದ್ದಕ್ಕೆ ಹಿಂದೆ ಬಂದೋರಿಗೆ ದಾರಿ ಆಯ್ತು. ನೀನು ನಂಗೆ ಹೇಳ್ತಿರೋದು ಸುಮ್ಮನಿರು ಅಂತಲ್ಲ. ಬೇರೆ ಯಾರೋ ಆಗು ಅಂತ."

ನಂಗೆ ಉತ್ತರ ಹೊಳೀಲಿಲ್ಲ. ಅವಳೇ ಮುಂದುವರಿಸಿದಳು. ಅಲ್ಲಿಗೆ ಹೋದ ಮೊದಲ ವರ್ಷ ಜೊತೆಲಿದ್ದ ನಮ್ಮ ಕಡೆ ಹುಡುಗಿಯೊಬ್ಬಳು, "ನಿಮ್ಮ ಗೋತ್ರ ಯಾವುದು?" ಅಂದಳಂತೆ. ನನ್ನ ಮಾತು ನೆನಪಾಗಿ ಇವಳು ಬಾಯಿಗೆ ಬಂದದ್ದು ಹೇಳಿದಳಂತೆ. ಒಂದು ಸುಳ್ಳಿಗೆ ಇನ್ನೊಂದು ಸುಳ್ಳು. ಅಮ್ಮನ ಜೊತೆ ಮಾತಾಡೋಕೆ ಮನೆ ಬಿಟ್ಟು ಲಾಂಡ್ರಿ ಅಂಗಡಿಗೆ ಬರೋಕೆ ಶುರು ಮಾಡಿದ್ದು ಅದಕ್ಕೇ ಅಂತೆ. ನಮ್ಮ ಮನೆ ಗೋಡೆ ಮೇಲಿನ ಫೋಟೋ ಆ ಹುಡುಗಿ ಕಣ್ಣಿಗೆ ಬೀಳದಿರಲಿ ಅಂತ. ನಾವು ಇಲ್ಲಿ ಮಿಷಿನ್ ನೋಡಿ ಖುಷಿ ಪಡ್ತಿದ್ವಿ.

"ಅದೇ ವುಡ್‌ಸೈಡಲ್ಲಿ 2023ರಲ್ಲಿ ಒಂದು ರಸ್ತೆ ಮೂಲೆಗೆ ಡಾ. ಬಿ.ಆರ್. ಅಂಬೇಡ್ಕರ್ ವೇ ಅಂತ ಹೆಸರಿಟ್ಟಿದಾರೆ ಮಾವ. ದಿನಾ ಆ ಬೋರ್ಡ್ ನೋಡ್ತೀನಿ. ಈ ಊರು ಕಂಬದ ಮೇಲೆ ಬರೆದಿರೋ ಹೆಸರನ್ನ ನಾನು ಕಾರ್ಡ್ ಮೇಲೆ ಹಾಕಬಾರದಾ?"

ಆ ದಿನ ಪೂರ್ತಿ ನಂಗೆ ಊಟ ಸೇರಲಿಲ್ಲ. ನೆನಪಾದವರು ಪಾಲ್ವಂಕರ್ ಬಾಲೂ. ಭಾಷಣದಲ್ಲಿ ನಾನೇ ಎಷ್ಟೋ ಸಲ ಹೇಳಿದ ಕಥೆ. 1876ರಲ್ಲಿ ನಮ್ಮ ಧಾರವಾಡದಲ್ಲೇ ಹುಟ್ಟಿದ ದಲಿತ ಕ್ರಿಕೆಟಿಗ, ಎಡಗೈ ಸ್ಪಿನ್ನರ್. ಪುಣೆಯಲ್ಲಿ ಹಿಂದೂ ತಂಡಕ್ಕೆ ಅವರ ಬೌಲಿಂಗ್ ಬೇಕಿತ್ತು, ಆದರೆ ಟೀ ಮಾತ್ರ ಪೆವಿಲಿಯನ್ ಹೊರಗೆ, ಬೇರೆ ಮಡಕೆ ಲೋಟದಲ್ಲಿ. ಚೆಂಡು ಮುಟ್ಟಬಹುದು, ಲೋಟ ಮುಟ್ಟಂಗಿಲ್ಲ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದರು. ಆದರೂ ನಾಯಕತ್ವ ಕೊಡಲಿಲ್ಲ. ಕೊನೆಗೆ 1923ರಲ್ಲಿ ತಮ್ಮ ವಿಠಲ್ ನಾಯಕರಾದರು. ಅಣ್ಣ ಇಂಥೋರು ಅಂತ ಎಲ್ಲರಿಗೂ ಗೊತ್ತಿದ್ದೇ ಆಡಿದ್ದರಿಂದ ತಮ್ಮನಿಗೆ ಆ ಜಾಗ ಸಿಕ್ಕಿತು. ಊರಿಗೆಲ್ಲ ಈ ಕಥೆ ಹೇಳೋ ನಾನು, ಮನೆ ಹುಡುಗಿಗೆ ಲೋಟ ಬಚ್ಚಿಟ್ಟುಕೊಂಡು ಕುಡಿ ಅಂದಿದ್ದೆ.

ಸೋಮವಾರ ಊಟದ ಹೊತ್ತಲ್ಲಿ ಕಚೇರಿ ಹಿಂದಿನ ಹೊಂಗೆಮರದ ಕೆಳಗೆ ನಿಂತು ಹುಡುಗನ ತಾಯಿಗೆ ಫೋನ್ ಮಾಡಿದೆ. ಕೈ ನಡುಗ್ತಿತ್ತು, ಸುಳ್ಳು ಯಾಕೆ ಹೇಳಲಿ. "ಅಮ್ಮ, ಆವತ್ತು ನೋಡೋಣ ಅಂದಿದ್ದು ನನ್ನ ತಪ್ಪು. ಕಾರ್ಡ್ ಮೇಲೆ ಬಾಬಾಸಾಹೇಬರ ಫೋಟೋ ಇರುತ್ತೆ. ಊರಿಂದ ಬಸ್ಸು ಬರುತ್ತೆ. ಬೀಗರೂಟಕ್ಕೆ ನಿಮ್ಮನ್ನ ಕರೀತೀವಿ, ನೀವು ತಿನ್ನೋ ಅಡುಗೆನೂ ಮಾಡಿಸ್ತೀವಿ. ಯಾರಾದ್ರೂ ಕೇಳಿದ್ರೆ ನಾವು ಯಾರು ಅಂತ ಇದ್ದದ್ದು ಇದ್ದಂಗೆ ಹೇಳ್ತೀವಿ" ಅಂದೆ.

ಆ ಕಡೆ ತುಂಬಾ ಹೊತ್ತು ಮಾತಿಲ್ಲ. ಆಮೇಲೆ, "ಮನೇಲಿ ಮಾತಾಡಿ ಹೇಳ್ತೀನಿ ಸಾರ್" ಅಂದ್ರು.

ಇವತ್ತಿಗೆ ಹನ್ನೊಂದು ದಿನ. ಇನ್ನೂ ಫೋನ್ ಬಂದಿಲ್ಲ. ಹುಡುಗ ಮಾತ್ರ ಎಕ್ಸೆಲ್ ಶೀಟಲ್ಲಿ ಬಸ್ಸಿನ ಸಾಲಿಗೆ ಹೋಗಿ, ಒಂದು ಅಂತಿದ್ದದ್ದನ್ನ ಎರಡು ಮಾಡಿದಾನೆ. ಏನಾಗುತ್ತೋ ಗೊತ್ತಿಲ್ಲ. ಅಕ್ಕನಿಗೆ ಭಯ ಇದೆ, ನಂಗೂ ಇದೆ. ಪುಟ್ಟಿಗೆ ಇದ್ದಂಗೆ ಕಾಣಲ್ಲ. ಹೋದ ಶನಿವಾರ ಅವಳು ಲಾಂಡ್ರಿ ಅಂಗಡಿಯಿಂದ ಫೋನ್ ಮಾಡಲಿಲ್ಲ. ಮನೆಯಿಂದಲೇ ಮಾಡಿದಳು. ಜೊತೆಲಿರೋರು ಅಲ್ಲೇ ಓಡಾಡ್ತಿದ್ದರು. ಅಕ್ಕ ಹಿಂದಿನ ಗೋಡೆಗೆ ಅಡ್ಡ ಕೂತಿದ್ದಳು. "ಅಮ್ಮ, ಸ್ವಲ್ಪ ಪಕ್ಕಕ್ಕೆ ಬಾ, ಫೋಟೋ ಕಾಣಲಿ" ಅಂದಳು.

ನಮ್ಮ ಮಕ್ಕಳನ್ನ ದೂರದೂರಿಗೆ ಕಳಿಸ್ತಿರೋ ಅಣ್ಣಂದಿರೇ, ಅಕ್ಕಂದಿರೇ, ಒಂದೇ ಮಾತು. ಹುಷಾರಾಗಿರು ಅಂತ ಹೇಳಿ, ಹೇಳಲೇಬೇಕು. ಆದರೆ ಬಚ್ಚಿಟ್ಟುಕೊ ಅಂತ ಹೇಳಬೇಡಿ. ಆ ಭಾರ ಹೊತ್ತು ಅವರು ಒಬ್ಬೊಬ್ಬರೇ ಲಾಂಡ್ರಿ ಅಂಗಡಿಗೆ ನಡೀತಾರೆ, ನಮಗೆ ಗೊತ್ತೇ ಆಗಲ್ಲ.

ಜೈ ಭೀಮ್.